ಮಲಗಿದ ನಾಯಿಯ ಏದುಸಿರು ಮತ್ತು ಶ್ರಾವಕನ ಹೊಣೆ

ಜೀವವನ್ನು ಅಜೀವದಿಂದ ಬೇರ್ಪಡಿಸಿ ಗುರುತಿಸುವ ವ್ಯವಹಾರದೃಷ್ಟಿಯ ಚಿಹ್ನೆಗಳಿಗೆ ಜೈನಾಚಾರ್ಯರು ಪ್ರಾಣಗಳೆಂದು ಹೆಸರಿಟ್ಟಿದ್ದಾರೆ. ಐದು ಇಂದ್ರಿಯಗಳು, ಮನೋಬಲ ವಚನಬಲ ಕಾಯಬಲಗಳೆಂಬ ಮೂರು ಬಲಗಳು, ಆಯುಸ್ಸು, ಶ್ವಾಸೋಚ್ಛ್ವಾಸ, ಹೀಗೆ ಅವು ಹತ್ತು. ಏಕೇಂದ್ರಿಯ ಜೀವಕ್ಕೆ ಇವುಗಳಲ್ಲಿ ನಾಲ್ಕು ಮಾತ್ರ ಉಂಟು. ಆ ನಾಲ್ಕರಲ್ಲಿಯೂ ಶ್ವಾಸೋಚ್ಛ್ವಾಸವು ಸೇರಿದೆ. ನಾಯಿಯಾದರೋ ಸಂಜ್ಞಿ ಪಂಚೇಂದ್ರಿಯ ಜೀವ. ಮನುಷ್ಯನಿಗಿರುವ ಹತ್ತು ಪ್ರಾಣಗಳೂ ಅದಕ್ಕಿವೆ. ಹಿಂಸೆಯೆಂದರೆ ಪ್ರಾಣಗಳಿಗೆ ಒದಗಿಸುವ ಘಾತವೆಂದು ಒಪ್ಪಿದ ಮೇಲೆ, ಆಯುಸ್ಸನ್ನು ಕಳೆಯುವುದೊಂದೇ ಹಿಂಸೆಯಲ್ಲ, ಉಸಿರನ್ನು ಕುಗ್ಗಿಸುವುದೂ ಹಿಂಸೆಯೇ ಎಂದು ಒಪ್ಪಬೇಕಾಗುತ್ತದೆ. ನಗರಗಳ ಜೈನ ಮನೆಗಳಲ್ಲಿಯೂ ಈಗ ನಾಯಿಗಳು ಸಾಕಷ್ಟಿವೆ. ಅವುಗಳಲ್ಲಿ ಕೆಲವು ಮಲಗಿದಾಗ ಮನೆಮಂದಿಗೆಲ್ಲ ಕೇಳಿಸುವಂತೆ ಗೊರಕೆ ಹೊಡೆಯುತ್ತವೆ, ಏದುಸಿರು ಬಿಡುತ್ತವೆ. ಮಕ್ಕಳು ನಗುತ್ತಾರೆ, ಹಿರಿಯರೂ ನಗುತ್ತಾರೆ. ಆ ಸದ್ದಿನಲ್ಲಿ ವಿಚಾರಿಸಬೇಕಾದ ಧರ್ಮಸೂಕ್ಷ್ಮವೇನಾದರೂ ಇದೆಯೇ ಎಂಬುದು ಇಲ್ಲಿಯ ಪ್ರಶ್ನೆ.

ಮೊದಲು ಭಯಕ್ಕೆ ಕಾರಣವಿಲ್ಲದ ಸಂಗತಿಗಳನ್ನು ಹೇಳಿಬಿಡುವುದು ಲೇಸು. ನಾಯಿಯೂ ಕನಸು ಕಾಣುತ್ತದೆ. ನಿದ್ರೆಯ ಒಂದು ಘಟ್ಟದಲ್ಲಿ ಅದರ ಕಣ್ಣಾಲಿಗಳು ರೆಪ್ಪೆಯೊಳಗೇ ಚಲಿಸುತ್ತವೆ, ಕಾಲುಗಳು ಓಡುವಂತೆ ಮಿಡುಕುತ್ತವೆ, ಉಸಿರು ಕೆಲಕಾಲ ವೇಗಗೊಂಡು, ಕೆಲಕಾಲ ತಡೆದು, ಮತ್ತೆ ಸಮವಾಗುತ್ತದೆ. ಇದು ಸಹಜ. ಬೇಸಗೆಯಲ್ಲಿ ನಾಲಗೆ ಚಾಚಿ ತೇಕುವುದೂ ಸಹಜ. ಏಕೆಂದರೆ ನಾಯಿಗೆ ಮೈಯೆಲ್ಲ ಬೆವರುವ ಸೌಲಭ್ಯವಿಲ್ಲ, ಪಾದದ ಮೆತ್ತೆಗಳಲ್ಲಿ ಅಲ್ಪಸ್ವಲ್ಪ ಬೆವರೊಡೆಯುವುದನ್ನು ಬಿಟ್ಟರೆ ಬಾಯಿ ಮೂಗುಗಳ ತೇವವು ಆವಿಯಾಗುವುದರಿಂದಲೇ ಅದರ ದೇಹ ತಣಿಯಬೇಕು. ಆದರೆ ತಂಪಾದ ಸ್ಥಳದಲ್ಲಿ, ಕನಸಿನ ಘಟ್ಟ ಕಳೆದು ಗಾಢವಾಗಿ ಮಲಗಿರುವಾಗ, ಆರೋಗ್ಯವಂತ ನಾಯಿಯ ಉಸಿರು ನಿಮಿಷಕ್ಕೆ ಸುಮಾರು 15ರಿಂದ 30ರ ಒಳಗಿರುತ್ತದೆ. ಮಲಗಿದಾಗಲೂ 30ನ್ನು ದಾಟಿ ದಿನದಿನವೂ ಹಾಗೆಯೇ ನಡೆಯುತ್ತಿದ್ದರೆ ಪಶುವೈದ್ಯರು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೃದಯದ ಕವಾಟ ಸಡಿಲವಾದ ವೃದ್ಧ ನಾಯಿಗಳಲ್ಲಿ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳುವ ಮೊದಲ ಸೂಚನೆ ಸಾಮಾನ್ಯವಾಗಿ ಈ ಎಣಿಕೆಯಲ್ಲಿಯೇ ಸಿಗುತ್ತದೆ. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರಾಯಿತು.

ಉಸಿರನ್ನು ಎಣಿಸುವುದು ಶ್ರಾವಕನಿಗೆ ಹೊಸ ವಿದ್ಯೆಯಲ್ಲ. ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು 27 ಉಸಿರುಗಳಲ್ಲಿ ಜಪಿಸಿ ಕಾಯೋತ್ಸರ್ಗ ಮಾಡುವ ಪದ್ಧತಿಯು ಬಸದಿಗೆ ಹೋಗುವ ಬಾಲಕನಿಗೂ ಗೊತ್ತು. ಕಾಲವನ್ನೇ ಉಸಿರಿನಿಂದ ಅಳೆದ ಪರಂಪರೆ ಇದು. ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ, ಏಳು ಸ್ತೋಕಗಳಿಗೆ ಒಂದು ಲವ, 77 ಲವಗಳಿಗೆ ಒಂದು ಮುಹೂರ್ತವೆಂಬ ಲೆಕ್ಕದಂತೆ ಮುಹೂರ್ತಕ್ಕೆ 3773 ಉಚ್ಛ್ವಾಸಗಳಾಗುತ್ತವೆ. ಮುಹೂರ್ತವು 48 ನಿಮಿಷವಾದುದರಿಂದ ಭಾಗಿಸಿ ನೋಡಿದರೆ ನಿಮಿಷಕ್ಕೆ 78ಕ್ಕಿಂತ ತುಸು ಹೆಚ್ಚು ಬರುತ್ತದೆ. ಇದು ಉಸಿರಿನ ಗತಿಗಿಂತ ನಾಡಿಯ ಗತಿಗೆ ಸಮೀಪವಾಗಿರುವುದು ಕುತೂಹಲದ ವಿಷಯ. ಅದರ ವಿಚಾರ ಬೇರೊಂದು ಲೇಖನಕ್ಕೆ ತಕ್ಕದ್ದು. ತನ್ನ ಉಸಿರನ್ನು ಇಷ್ಟು ಎಚ್ಚರದಿಂದ ಗಮನಿಸಲು ಕಲಿತವನು ತನ್ನ ಹೊಸ್ತಿಲಲ್ಲಿ ಮಲಗಿದ ಜೀವದ ಉಸಿರನ್ನು ಗಮನಿಸದಿರುವುದಕ್ಕೆ ನೆಪವಿಲ್ಲವೆಂಬುದಷ್ಟೇ ಇಲ್ಲಿ ಪ್ರಸ್ತುತ.

ಆದರೆ ರೋಗದಿಂದಲೂ ಮುಪ್ಪಿನಿಂದಲೂ ಬರುವ ಏದುಸಿರು ಚಿಕಿತ್ಸೆಯ ವಿಷಯ, ಅಲ್ಲಿ ನೀತಿಯ ತೊಡಕು ಹೆಚ್ಚಿಲ್ಲ. ತೊಡಕಿರುವುದು ಮನುಷ್ಯನೇ ಬಯಸಿ ಉಂಟುಮಾಡಿದ ಏದುಸಿರಿನಲ್ಲಿ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಪೆಕಿಂಗೀಸ್ ಮೊದಲಾದ ಚಪ್ಪಟೆ ಮುಖದ ತಳಿಗಳನ್ನು ನೋಡದವರು ಈಗ ವಿರಳ. ಇವುಗಳ ಮುಖದ ಮೂಳೆ ತಲೆಮಾರಿನಿಂದ ತಲೆಮಾರಿಗೆ ಗಿಡ್ಡವಾಗುತ್ತ ಬಂದಿತು. ಆದರೆ ಅದರೊಳಗಿನ ಮಾಂಸಲ ಭಾಗಗಳು ಅದೇ ಪ್ರಮಾಣದಲ್ಲಿ ಕಿರಿದಾಗಲಿಲ್ಲ. ದೊಡ್ಡ ಪೆಟ್ಟಿಗೆಯ ಸಾಮಾನನ್ನು ಸಣ್ಣ ಪೆಟ್ಟಿಗೆಯಲ್ಲಿ ತುರುಕಿದಂತಾಯಿತು. ಮೂಗಿನ ಹೊಳ್ಳೆಗಳು ಸೀಳುಗೆರೆಯಂತಾದವು. ಮೃದು ತಾಲುವು ಉದ್ದವಾಗಿ ಜೋತು ಗಂಟಲಿನ ದ್ವಾರವನ್ನು ಮುಚ್ಚತೊಡಗಿತು. ಬಿಗಿಹಿಡಿದು ಉಸಿರೆಳೆಯುವ ಸೆಳೆತಕ್ಕೆ ಧ್ವನಿಪೆಟ್ಟಿಗೆಯ ಪಕ್ಕದ ಚೀಲಗಳು ಹೊರಮಗುಚಿಕೊಳ್ಳುತ್ತವೆ. ಕೆಲವಕ್ಕೆ ಶ್ವಾಸನಾಳವೇ ಕಿರಿದು. ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಶ್ರಮಪಟ್ಟು ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆಯಲ್ಲಿ ಸ್ನಾಯುಗಳು ಸಡಿಲುತ್ತವೆ, ದಾರಿ ಕುಸಿಯುತ್ತದೆ. ಜೀವಿಗೆ ವಿಶ್ರಾಂತಿಯಾಗಬೇಕಾದ ಹೊತ್ತೇ ಅದಕ್ಕೆ ಅತ್ಯಂತ ಶ್ರಮದ ಹೊತ್ತಾಗುತ್ತದೆ.

1987ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಇಂಗ್ಲಿಷ್ ಬುಲ್‌ಡಾಗ್ ನಾಯಿಗಳ ನಿದ್ರೆಯನ್ನು ಯಂತ್ರಗಳಿಂದ ಅಳೆದು ಒಂದು ಪ್ರಬಂಧ ಪ್ರಕಟಿಸಿದರು. ಕನಸಿನ ನಿದ್ರೆಯ ಘಟ್ಟದಲ್ಲಿ ಅವುಗಳ ಉಸಿರು ಪದೇ ಪದೇ ಕಟ್ಟುತ್ತಿತ್ತು, ರಕ್ತದ ಆಮ್ಲಜನಕ ಇಳಿಯುತ್ತಿತ್ತು. ಹಗಲಿನಲ್ಲಿ ಅವು ಇತರ ನಾಯಿಗಳಿಗಿಂತ ಬಹು ಬೇಗ ತೂಕಡಿಸುತ್ತಿದ್ದವು. ಮನುಷ್ಯರ ನಿದ್ರಾಶ್ವಾಸಸ್ತಂಭನ ರೋಗವನ್ನು ಅಭ್ಯಾಸ ಮಾಡಲು ಪ್ರಕೃತಿಯೇ ಒದಗಿಸಿದ ಮಾದರಿಯೆಂದು ಈ ತಳಿಯನ್ನು ಅವರು ಪರಿಗಣಿಸಿದರು. ಪ್ರಕೃತಿ ಎಂಬ ಮಾತು ಇಲ್ಲಿ ಪೂರ್ತಿ ಸಲ್ಲುವುದಿಲ್ಲವೆಂಬುದು ಬೇರೆ ಮಾತು. ಇಂತಹ ನಾಯಿಗಳಲ್ಲಿ ಕೆಲವು ಕುಳಿತೇ ನಿದ್ರಿಸುತ್ತವೆ. ಕೆಲವು ಗದ್ದವನ್ನು ಎತ್ತರದ ದಿಂಬಿಗೆ ಆನಿಸಿ ಮಲಗುತ್ತವೆ. ಮತ್ತೆ ಕೆಲವು ಬಾಯಿ ಮುಚ್ಚಿಹೋಗದಂತೆ ಆಟಿಕೆಯನ್ನು ಹಲ್ಲುಗಳ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚುತ್ತವೆ. ನೋಡುವವರಿಗೆ ಇದು ಮುದ್ದಾದ ಭಂಗಿ. ನಾಯಿಗೆ ಇದು ಉಸಿರಿಗಾಗಿ ಕಂಡುಕೊಂಡ ಉಪಾಯ.

ಈ ರೂಪ ಬಂದ ಬಗೆಯಲ್ಲಿ ಒಂದು ವಿಚಿತ್ರವಿದೆ. ಇಂಗ್ಲೆಂಡಿನಲ್ಲಿ ಬುಲ್‌ಡಾಗ್ ನಾಯಿಯನ್ನು ಕಟ್ಟಿಹಾಕಿದ ಗೂಳಿಯ ಮೇಲೆ ಛೂ ಬಿಡುವ ಕ್ರೂರ ವಿನೋದಕ್ಕಾಗಿ ಸಾಕುತ್ತಿದ್ದರು. 1835ರ ಪ್ರಾಣಿಹಿಂಸೆ ತಡೆ ಶಾಸನವು ಆ ವಿನೋದವನ್ನು ನಿಷೇಧಿಸಿತು. ಗೂಳಿ ಬದುಕಿತು. ಆದರೆ ಕೆಲಸ ಕಳೆದುಕೊಂಡ ನಾಯಿಯು ಕ್ರಮೇಣ ಪ್ರದರ್ಶನದ ವಸ್ತುವಾಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾದ ಮೇಲೆ ತಳಿಗಳಿಗೆ ಲಿಖಿತ ಮಾನದಂಡಗಳು ನೆಲೆಗೊಂಡವು. ಮುಖ ಎಷ್ಟು ಗಿಡ್ಡವೋ ಅಷ್ಟು ಬಹುಮಾನವೆಂಬ ಅಭಿರುಚಿ ಬೆಳೆಯಿತು. ಒಂದು ಬಗೆಯ ಹಿಂಸೆಯನ್ನು ಶಾಸನದ ಮುಂಬಾಗಿಲಿನಿಂದ ಹೊರಹಾಕಿದಾಗ ಇನ್ನೊಂದು ಬಗೆಯ ಹಿಂಸೆ ಸೌಂದರ್ಯದ ಹೆಸರಿನಲ್ಲಿ ಹಿತ್ತಿಲಿನಿಂದ ಒಳಬಂದಿತು.

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮುಂಬಯಿಯಲ್ಲಿ ಕಂಪನಿ ಸರ್ಕಾರವು ಬೀದಿನಾಯಿಗಳನ್ನು ಕೊಲ್ಲಿಸಹೊರಟಾಗ 1832ರಲ್ಲಿ ಪಾರ್ಸಿಗಳು ಮೊದಲಾಗಿ ಪಟ್ಟಣದ ಜನರು ದಂಗೆಯೆದ್ದರು. 1834ರಲ್ಲಿ ಪಾರ್ಸಿ ವ್ಯಾಪಾರಿ ಜಮ್‌ಶೇಟ್‌ಜಿ ಜೀಜೀಭಾಯಿ ಮತ್ತು ಜೈನ ಶ್ರೇಷ್ಠಿ ಮೋತೀಚಂದ ಅಮೀಚಂದರು ಮುಂದಾಗಿ ಅಲ್ಲಿ ಪಾಂಜರಾಪೋಲನ್ನು ಸ್ಥಾಪಿಸಿದರು. ಬೇಡವಾದ ಪ್ರಾಣಿಗೆ ಆಶ್ರಯ ಕೊಡುವುದು ಆ ವರ್ತಕರ ಧರ್ಮದೃಷ್ಟಿ. ತಮಗೆ ಬೇಕಾದ ಆಕಾರದ ಪ್ರಾಣಿಯನ್ನು ತಯಾರಿಸುವುದು ಅವರ ಕಲ್ಪನೆಗೂ ಬಂದಿರಲಾರದು.

ಇನ್ನು ಮುಖ್ಯ ವಿಷಯಕ್ಕೆ ಬರಬೇಕು. ಇಂಗ್ಲೆಂಡಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಉಸಿರಾಟದ ತಡೆಯಿಂದ ನಿಜವಾಗಿ ನರಳುತ್ತಿದ್ದ ನಾಯಿಗಳ ಒಡೆಯರಲ್ಲಿ ಶೇಕಡಾ 58 ಮಂದಿ ತಮ್ಮ ನಾಯಿಗೆ ಉಸಿರಾಟದ ತೊಂದರೆಯೇನೂ ಇಲ್ಲವೆಂದು ಹೇಳಿದ್ದರು. ಅವರು ಸುಳ್ಳು ಹೇಳಿದವರಲ್ಲ, ನಿರ್ದಯರೂ ಅಲ್ಲ. ಗೊರಕೆಯನ್ನು ಅವರು ದಿನವೂ ಕೇಳುತ್ತಿದ್ದರು. ಈ ಜಾತಿಯ ನಾಯಿ ಇರುವುದೇ ಹೀಗೆಂದು ನಂಬಿದ್ದರು. ಎಲ್ಲ ನಾಯಿಗಳಿಗೂ ಇರುವ ಕಷ್ಟವನ್ನು ಕಷ್ಟವೆಂದು ಕಾಣುವುದು ಕಣ್ಣಿಗೆ ಕಠಿಣ.

ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಪ್ರಾಣಘಾತವನ್ನು ಮಾತ್ರ ಹೇಳಿ ನಿಲ್ಲಿಸಲಿಲ್ಲ, ಪ್ರಮಾದದ ಯೋಗವನ್ನು ಅದಕ್ಕೆ ಕಾರಣವಾಗಿ ಸೇರಿಸಿದರು. ದ್ವೇಷವಿಲ್ಲದೆಯೂ ಹಿಂಸೆ ನಡೆಯಬಲ್ಲದು, ಎಚ್ಚರದಪ್ಪಿದರೆ ಸಾಕು ಎಂಬುದು ಅದರ ಫಲಿತಾರ್ಥ. ಪ್ರಮಾದಗಳು ಯಾವುವೆಂದು ಎಣಿಸುವಾಗ ಆಚಾರ್ಯರು ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯವಿಷಯಗಳು, ನಿದ್ರೆ ಮತ್ತು ಪ್ರಣಯ ಅಥವಾ ಸ್ನೇಹ, ಹೀಗೆ ಹದಿನೈದನ್ನು ಹೆಸರಿಸುತ್ತಾರೆ. ಸ್ನೇಹವನ್ನೇ ಪ್ರಮಾದಗಳ ಸಾಲಿನಲ್ಲಿ ಏಕೆ ಇಟ್ಟರೆಂದು ಅನೇಕರು ಕೇಳುವುದುಂಟು. ಮಲಗಿದ ಪಗ್ ನಾಯಿಯ ಬಳಿ ನಿಂತರೆ ಉತ್ತರ ದೊರೆಯುತ್ತದೆ. ಒಡೆಯನಿಗೆ ಆ ಮುಖದ ಮೇಲೆ ಎಷ್ಟು ಪ್ರೀತಿಯೆಂದರೆ, ಆ ಮುಖವೇ ಅದರ ಉಸಿರಿಗೆ ಅಡ್ಡಿಯೆಂಬುದು ಅವನಿಗೆ ಕಾಣಿಸದು. ಪ್ರೀತಿಯು ನೋಟವನ್ನು ತೀಕ್ಷ್ಣಗೊಳಿಸುವ ಬದಲು ಮಂಕುಗೊಳಿಸಿದೆ. ಇಲ್ಲಿ ನಾಯಿಯದು ನಿದ್ರೆ, ಒಡೆಯನದು ಸ್ನೇಹ. ಎರಡರಲ್ಲಿ ಪ್ರಾಣಘಾತಕ್ಕೆ ಕಾರಣವಾದ ಪ್ರಮಾದ ಯಾವುದೆಂಬುದು ಸ್ಪಷ್ಟ.

ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವೆಲ್ಲವೂ ಸಾಕುಪ್ರಾಣಿಗಳ ಒಡೆಯನನ್ನು ಎದುರಿಗಿಟ್ಟುಕೊಂಡು ಹೇಳಿದಂತಿವೆ. ಛೇದವೆಂದರೆ ಕಿವಿ ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು. ಇಂದಿನ ತಳಿಗಾರನ ಕೈಯಲ್ಲಿ ಚೂರಿಯಿಲ್ಲ. ಆದರೆ ಗಿಡ್ಡ ಮೂತಿಯ ಗಂಡನ್ನು ಇನ್ನೂ ಗಿಡ್ಡ ಮೂತಿಯ ಹೆಣ್ಣಿಗೆ ಕೂಡಿಸುತ್ತ ನೂರಾರು ವರ್ಷಗಳಲ್ಲಿ ಅವನು ಸಾಧಿಸಿದ್ದು ಮೂಗನ್ನು ಕೊಯ್ಯುವುದನ್ನೇ ಅಲ್ಲವೇ? ಒಬ್ಬನ ಕೈಯಿಂದ ಒಂದು ದಿನದಲ್ಲಿ ನಡೆದರೆ ಛೇದ, ನೂರು ಜನರ ಕೈಯಿಂದ ನೂರು ವರ್ಷಗಳಲ್ಲಿ ನಡೆದರೆ ಸೌಂದರ್ಯ ಎಂಬ ಭೇದಕ್ಕೆ ಧರ್ಮಶಾಸ್ತ್ರದಲ್ಲಿ ಆಧಾರ ಸಿಗುವುದಿಲ್ಲ. ಬುಲ್‌ಡಾಗ್ ಮರಿಗಳ ತಲೆ ದೊಡ್ಡದು, ತಾಯಿಯ ಕಟಿ ಕಿರಿದು. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಗಣನೆಯಂತೆ ಈ ತಳಿಯ ಹೆರಿಗೆಗಳಲ್ಲಿ ಶೇಕಡಾ 80ಕ್ಕೂ ಮಿಕ್ಕಿ ಶಸ್ತ್ರಕ್ರಿಯೆಯಿಂದಲೇ ಆಗುತ್ತಿದ್ದವು. ಚೂರಿ ಇಲ್ಲವೆಂದುದು ಪೂರ್ತಿ ನಿಜವೂ ಅಲ್ಲ.

ಕೊಳ್ಳುವವನು ತಾನೇನೂ ಮಾಡಿಲ್ಲವೆನ್ನಬಹುದು. ಕೃತ, ಕಾರಿತ, ಅನುಮೋದಿತವೆಂಬ ಮೂರು ಬಾಗಿಲುಗಳನ್ನು ಬಲ್ಲವನು ಹಾಗೆ ಹೇಳುವುದು ಕಷ್ಟ. ವ್ಯಾಪಾರಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬೇಡಿಕೆಯೇ ಆಜ್ಞೆ. ಪೇಟೆಯಲ್ಲಿ ಮಾಲು ಕೊಳ್ಳುವವನು ಹಣವೆಣಿಸುವಾಗ ಮುಂದಿನ ಮಾಲಿಗೂ ಒಪ್ಪಿಗೆ ಕೊಟ್ಟಂತಾಯಿತು. ಭಾರತದಲ್ಲಿ 2003ರಲ್ಲಿ ಹಚ್ ಎಂಬ ಮೊಬೈಲ್ ದೂರವಾಣಿ ಸಂಸ್ಥೆಯ ಜಾಹೀರಾತಿನಲ್ಲಿ ಬಾಲಕನ ಹಿಂದೆ ಹಿಂದೆಯೇ ನಡೆದ ಪಗ್ ನಾಯಿಯನ್ನು ಜನ ಇನ್ನೂ ಮರೆತಿಲ್ಲ. ಅದರಿಂದಾಚೆಗೆ ಆ ತಳಿಗೆ ನಮ್ಮ ಪಟ್ಟಣಗಳಲ್ಲಿ ಬಂದ ಗಿರಾಕಿಯೂ ಎಲ್ಲರಿಗೂ ತಿಳಿದದ್ದೇ. ಪರದೆಯ ಮೇಲೆ ಅದರ ನಿಷ್ಠೆ ಕಾಣಿಸಿತು, ಉಸಿರು ಕೇಳಿಸಲಿಲ್ಲ. ದೋಷವಿರುವ ಸರಕನ್ನು ದೋಷ ಮುಚ್ಚಿ ಮಾರುವುದು ಅಚೌರ್ಯವ್ರತಕ್ಕೆ ಕುಂದು ತರುತ್ತದೆಂದು ವರ್ತಕ ಕುಲದ ಮಕ್ಕಳಿಗೆ ಹೇಳಿಕೊಡುತ್ತೇವೆ. ಇಲ್ಲಿಯಾದರೋ ದೋಷವನ್ನು ಮುಚ್ಚುವ ಅಗತ್ಯವೂ ಇಲ್ಲ. ದೋಷಕ್ಕೇ ಹೆಚ್ಚಿನ ಬೆಲೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಮೊದಲಾದ ಗ್ರಂಥಗಳು ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ಜೀವನೋಪಾಯಗಳಲ್ಲಿ ಪ್ರಾಣಿಗಳ ಅಂಗಭಂಗವನ್ನೂ, ಲಾಭಕ್ಕಾಗಿ ನಾಯಿ ಬೆಕ್ಕು ಗಿಳಿ ಮೊದಲಾದವನ್ನು ಸಾಕುವುದನ್ನೂ ಸೇರಿಸಿವೆ. ಹಳೆಯ ಪಟ್ಟಿಯೆಂದು ಇದನ್ನು ಬದಿಗಿಡುವವರು ಇಂದಿನ ನಾಯಿಮರಿಗಳ ಅಂಗಡಿಯನ್ನೊಮ್ಮೆ ನೋಡಿ ಬರಬೇಕು.

ಸರ್ಕಾರವು 2016ರಲ್ಲಿ ವ್ಯಾಪಾರೀ ತಳಿಸಂವರ್ಧನೆಗಾಗಿ ವಿದೇಶಿ ನಾಯಿಗಳನ್ನು ತರಿಸುವುದಕ್ಕೆ ನಿರ್ಬಂಧ ಹಾಕಿತು. 2017ರ ನಿಯಮಗಳು ತಳಿಗಾರರ ನೋಂದಣಿಯನ್ನು ಕಡ್ಡಾಯಗೊಳಿಸಿ, ಎಂಟು ವಾರ ತುಂಬದ ಮರಿಗಳ ಮಾರಾಟವನ್ನು ನಿಷೇಧಿಸಿದವು. ಮೂತಿಯ ಅಳತೆಯನ್ನು ಅವು ಕೇಳಲಿಲ್ಲ. ನಾರ್ವೆ ದೇಶದಲ್ಲಿ ಇದು ನ್ಯಾಯಾಲಯವನ್ನೇ ಹತ್ತಿತು. 2022ರ ಜನವರಿಯಲ್ಲಿ ಓಸ್ಲೋ ಜಿಲ್ಲಾ ನ್ಯಾಯಾಲಯವು ಇಂಗ್ಲಿಷ್ ಬುಲ್‌ಡಾಗ್ ಮತ್ತು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಗಳ ಸಂವರ್ಧನೆ ಕಾನೂನುಬಾಹಿರವೆಂದಿತು. ಅದೇ ವರ್ಷ ಮೇಲಿನ ನ್ಯಾಯಾಲಯ ಬುಲ್‌ಡಾಗ್ ಕುರಿತ ತೀರ್ಪನ್ನು ತೆಗೆದುಹಾಕಿ ಕ್ಯಾವಲಿಯರ್ ಕುರಿತದ್ದನ್ನು ಉಳಿಸಿತು. 2023ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೂ ಕ್ಯಾವಲಿಯರ್ ವಿಷಯದಲ್ಲಿ ಅದನ್ನೇ ಎತ್ತಿಹಿಡಿಯಿತು. ಬ್ರಿಟನ್ನಿನಲ್ಲಿ 2019ರಿಂದ ಕೆನಲ್ ಕ್ಲಬ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಸೇರಿ, ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ ಮೊದಲೂ ಆಮೇಲೂ ಗಂಟಲಿನ ಸದ್ದನ್ನು ಕೇಳಿ ಶ್ರೇಣಿ ಕೊಡುವ ಪರೀಕ್ಷೆಯನ್ನು ಜಾರಿಗೆ ತಂದವು. ರೂಪವನ್ನು ಕಣ್ಣಿನಿಂದ ಅಳೆದವರು ಉಸಿರನ್ನು ಕಿವಿಯಿಂದ ಅಳೆಯಲು ಸುಮಾರು ಒಂದೂವರೆ ಶತಮಾನ ಬೇಕಾಯಿತು.

ಎರಡು ಆಕ್ಷೇಪಗಳನ್ನು ವಿಚಾರಿಸಬೇಕಾಗಿದೆ. ತಳಿಗಾರನು ಈ ಜೋಡಿಯನ್ನು ಕೂಡಿಸದಿದ್ದರೆ ಈ ನಾಯಿಯೇ ಹುಟ್ಟುತ್ತಿರಲಿಲ್ಲ, ಹುಟ್ಟದಿರುವುದಕ್ಕಿಂತ ಏದುಸಿರಿನ ಬಾಳಾದರೂ ಮೇಲಲ್ಲವೇ ಎಂಬುದು ಮೊದಲನೆಯದು. ಪಾಶ್ಚಾತ್ಯ ನೀತಿಶಾಸ್ತ್ರಜ್ಞರನ್ನು ಈ ಪ್ರಶ್ನೆ ಬಹಳ ಕಾಡಿದೆ. ಜೈನ ದೃಷ್ಟಿಯಲ್ಲಿ ಇದರ ಬಲ ಕಡಿಮೆ. ಜೀವವು ಅನಾದಿ, ಅದು ತಳಿಗಾರನ ಬಾಗಿಲಲ್ಲಿ ಅಸ್ತಿತ್ವವನ್ನು ಬೇಡಿ ನಿಂತಿಲ್ಲ. ಅವನು ಕೊಟ್ಟದ್ದು ಜೀವವನ್ನಲ್ಲ, ಇಕ್ಕಟ್ಟಾದ ಗಂಟಲನ್ನು.

ಎರಡನೆಯ ಆಕ್ಷೇಪ ನಮ್ಮವರ ಬಾಯಿಂದಲೇ ಬರುವಂಥದು, ಆದುದರಿಂದ ಹೆಚ್ಚು ಗಂಭೀರವಾದುದು. ಶರೀರದ ಆಕಾರವೂ ಉಸಿರಾಟವೂ ನಾಮಕರ್ಮದ ಉದಯದಿಂದ ಆಗತಕ್ಕವು; ಉಚ್ಛ್ವಾಸನಾಮಕರ್ಮವೆಂಬ ಪ್ರಕೃತಿಯನ್ನೇ ಗ್ರಂಥಗಳು ಹೇಳಿವೆ; ಹೀಗಿರುವಾಗ ಆ ನಾಯಿಯ ಪಾಡು ಅದರ ಕರ್ಮ, ಇತರರಿಗೇನು ಸಂಬಂಧ? ಈ ಮಾತು ಅರ್ಧ ಸತ್ಯ. ಕರ್ಮದ ಉದಯಕ್ಕೆ ನಿಮಿತ್ತನಾದವನು ತನ್ನ ಭಾವಕ್ಕೆ ತಕ್ಕ ಬಂಧವನ್ನು ತಾನೂ ಕಟ್ಟಿಕೊಳ್ಳುತ್ತಾನೆ. ಪರರಿಗೆ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಸೂತ್ರಕಾರರು ಹೇಳುವಾಗ, ದುಃಖಪಡುವವನ ಕರ್ಮ ಹಾಗಿತ್ತೆಂಬ ವಿನಾಯಿತಿಯನ್ನು ಕೊಟ್ಟಿಲ್ಲ. ಕನ್ನಡದಲ್ಲಿ ಭಾಸ್ಕರ ಕವಿಯು 1424ರಲ್ಲಿ ಹೇಳಿದ ಜೀವಂಧರ ಚರಿತೆಯ ಕಥೆ ಓದುಗರಿಗೆ ಪರಿಚಿತ. ಯಜ್ಞದ ಅನ್ನವನ್ನು ಮುಟ್ಟಿತೆಂದು ಬಡಿಸಿಕೊಂಡು ಸಾಯುತ್ತಿದ್ದ ನಾಯಿಯನ್ನು ಕಂಡ ಜೀವಂಧರಕುಮಾರನು ಅದರ ಪೂರ್ವಕರ್ಮವನ್ನು ವಿಚಾರಿಸುತ್ತ ನಿಲ್ಲಲಿಲ್ಲ. ಕಡೆಯುಸಿರಿನ ಹೊತ್ತಿನಲ್ಲಿ ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಪದೇಶಿಸಿದನು, ಅದು ಸುದರ್ಶನನೆಂಬ ಯಕ್ಷನಾಯಿತು. ಕರ್ಮಸಿದ್ಧಾಂತವು ಕರುಣೆಗೆ ರಜೆ ಕೊಡುವ ಸಾಧನವಾಗಿದ್ದರೆ ಈ ಕಥೆಗೆ ನಮ್ಮ ಪುರಾಣಗಳಲ್ಲಿ ಸ್ಥಳವಿರುತ್ತಿರಲಿಲ್ಲ.

ಹಾಗೆಂದು ಚಪ್ಪಟೆ ಮುಖದ ನಾಯಿ ಈಗಾಗಲೇ ಇರುವ ಮನೆಯವರನ್ನು ದೂಷಿಸಿ ಪ್ರಯೋಜನವಿಲ್ಲ. ಕೊಳ್ಳುವುದು ಬೇರೆ, ಬೀದಿಗೆ ಬಿಟ್ಟ ಅಂತಹ ನಾಯಿಗೆ ಆಶ್ರಯ ಕೊಡುವುದು ಬೇರೆ. ಎರಡನೆಯದರಲ್ಲಿ ಅನುಮೋದನೆಯ ದೋಷವಿಲ್ಲ. ನಾಯಿಯೇ ಬೇಕೆನ್ನುವವರಿಗೆ ನೀಳ ಮೂತಿಯ ದೇಶೀ ನಾಯಿಗಳಿಗೆ ಬರವೂ ಇಲ್ಲ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಮ್ಮ ಮುಧೋಳ ನಾಯಿಯಾಗಲಿ, ಬೀದಿಯ ಸಾಧಾರಣ ನಾಯಿಯಾಗಲಿ ಮಲಗಿದಾಗ ಅದರ ಉಸಿರು ಪಕ್ಕದಲ್ಲಿ ಕುಳಿತವರಿಗೂ ಕೇಳಿಸುವುದು ಅಪರೂಪ. ಬಸದಿಯ ಅಂಗಳದಲ್ಲಿ ಬೇಸಗೆಯ ಮಧ್ಯಾಹ್ನ ನೆರಳು ಅರಸಿ ಬರುವ ಇಂತಹವನ್ನು ಓಡಿಸದೆ ಒಂದು ಮಣ್ಣಿನ ಪಾತ್ರೆಯಲ್ಲಿ ಸೋಸಿದ ನೀರಿಡುವುದು ಟ್ರಸ್ಟುಗಳಿಗೆ ದೊಡ್ಡ ಖರ್ಚಿನ ಬಾಬಲ್ಲ.

ಮನೆಯಲ್ಲಿರುವ ಪಗ್ ಅಥವಾ ಬುಲ್‌ಡಾಗ್ ನಾಯಿಯ ವಿಷಯದಲ್ಲಿ ಮಾಡಬಹುದಾದುದು ಸಾಕಷ್ಟಿದೆ. ಬೊಜ್ಜು ಗಂಟಲನ್ನು ಮತ್ತಷ್ಟು ಒತ್ತುತ್ತದೆ. ಆದುದರಿಂದ ಪ್ರೀತಿಯಿಂದ ತಿನ್ನಿಸುವ ಸಿಹಿತಿಂಡಿಯನ್ನು ನಿಲ್ಲಿಸಬೇಕು. ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಪಟ್ಟಿ ಲೇಸು. ಬಿಸಿಲಿನಲ್ಲಿ ನಡೆಸಬಾರದು, ಮುಚ್ಚಿದ ಕಾರಿನಲ್ಲಿ ಒಂದು ಗಳಿಗೆಯೂ ಬಿಡಬಾರದು. ದೇಹದ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪ್ರಾಣಾಪಾಯ, ಅದೂ ತಣಿಯುವ ದಾರಿಯೇ ಇಕ್ಕಟ್ಟಾಗಿರುವ ನಾಯಿಗೆ. ಮಲಗಿದಾಗ ನಾಲಗೆ ಒಸಡುಗಳು ನೀಲಿಗಟ್ಟಿದರೆ, ಉಸಿರು ಕಟ್ಟಿ ಬೆಚ್ಚಿ ಏಳುತ್ತಿದ್ದರೆ ವೈದ್ಯರ ಬಳಿಗೆ ಒಯ್ಯಲು ಬೆಳಗಾಗುವುದನ್ನು ಕಾಯಬಾರದು. ಹೊಳ್ಳೆಗಳನ್ನು ಅಗಲಿಸಿ ಜೋತ ತಾಲುವನ್ನು ಕತ್ತರಿಸುವ ಶಸ್ತ್ರಕ್ರಿಯೆಯುಂಟು; ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಗುಣ ಹೆಚ್ಚು. ಇದೂ ಛೇದವಲ್ಲವೇ ಎಂದು ಹಿಂಜರಿಯುವವರಿದ್ದಾರೆ. ಚೂರಿ ಒಂದೇ ಆದರೂ ಭಾವ ಬೇರೆ. ಹಿಂದಿನವರು ಮುಚ್ಚಿದ ದಾರಿಯನ್ನು ವೈದ್ಯನು ತೆರೆಯುತ್ತಾನೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಅಂತಹ ನಾಯಿಯಿಂದ ಮರಿಗಳಾಗಬಾರದೆಂಬುದರಲ್ಲಿ ಸಂಶಯವಿಲ್ಲ. ಆದರೆ ಪ್ರಾಣಿಗಳ ಬೀಜ ಒಡೆಯುವುದನ್ನು ಶಾಸ್ತ್ರಗಳು ನಿರ್ಲಾಂಛನಕರ್ಮದಲ್ಲಿ ಸೇರಿಸಿರುವುದರಿಂದ ಸಂತಾನಹರಣ ಚಿಕಿತ್ಸೆಗೆ ಅನೇಕ ಶ್ರಾವಕರ ಮನಸ್ಸು ಒಪ್ಪುವುದಿಲ್ಲ. ಶಾಸ್ತ್ರಕಾರರ ಕಣ್ಣೆದುರಿಗಿದ್ದುದು ಎತ್ತನ್ನು ದುಡಿಸಿಕೊಳ್ಳುವ ಲೋಭ. ಇಲ್ಲಿರುವುದು ಹುಟ್ಟಲಿರುವ ಮರಿಗಳ ಉಸಿರಿನ ಚಿಂತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೆನಿಸದು. ಆದರೂ ಒಪ್ಪದವರಿಗೆ ಬೇರೆ ದಾರಿಯಿದೆ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ, ಪ್ರತಿ ಸಲವೂ ಸುಮಾರು ಮೂರು ವಾರ. ಆ ಆರು ವಾರಗಳ ಕಾವಲನ್ನು ಮನೆಯವರು ವಹಿಸಿಕೊಂಡರೆ ಚೂರಿಯ ಮಾತೇ ಬರುವುದಿಲ್ಲ. ಮುಪ್ಪಿನಲ್ಲಿ ಗರ್ಭಕೋಶಕ್ಕೆ ಕೀವು ತುಂಬುವ ರೋಗ ಬರಬಹುದೆಂಬುದನ್ನು ಮಾತ್ರ ವೈದ್ಯರಿಂದ ಮೊದಲೇ ಕೇಳಿ ತಿಳಿದಿರಬೇಕು.